ಮರುನುಡಿಯ ಮಕ್ಕಳು

ಸುಮಾರು ನಾಲ್ವತ್ತು ವರ್ಷಗಳ ಹಿಂದೆ ಬಬಲೇಶ್ವರದ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಒಂದು ದಿನ ಹೊಸದಾಗಿ ಸೇರಿದ್ದ ಹುಡುಗನನ್ನು ಎಬ್ಬಿಸಿ “ನಿನ್ನ ಹೆಸರೇನು?” ಎಂದು ಕೇಳಿದೆ. “ನಿನ್ನ ಹೆಸರೇನು?” ಎಂದು ಅವನೂ ಕೇಳಿದ. ಅದೇ ಏರಿಳಿತ, ಅದೇ ಗತ್ತು. ಕೊನೆಗೆ ನನ್ನ ದನಿ ತುಸು ಒಡೆಯುವ ಬಗೆಯನ್ನೂ ಅವನು ಬಿಟ್ಟಿರಲಿಲ್ಲ. ತರಗತಿ ಗೊಳ್ಳೆಂದು ನಕ್ಕಿತು. ನನ್ನನ್ನು ಅಣಕಿಸುತ್ತಿದ್ದಾನೆಂದು ಬಗೆದು, “ಭಾಳ ಶಾಣ್ಯಾ ಅದೀ ಬಿಡು” ಎಂದೆ. ಹುಡುಗನ ಮುಖ ಅರಳಿತು. ನಿಜವಾಗಿಯೂ ಹೊಗಳಿದೆನೆಂದೇ ತಿಳಿದನು. ಆ ಸಂತೋಷ ನನಗೆ ಎರಡನೆಯ ಉದ್ಧಟತನವಾಗಿ ಕಂಡಿತು. ಅವನನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ದೀಪಾವಳಿ ರಜೆಯ ತರುವಾಯ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾನು ವಿಚಾರಿಸಲೂ ಇಲ್ಲ.

ಮರೆತೇಹೋಗಿದ್ದ ಆ ಹುಡುಗನನ್ನು ನೆನಪಿಗೆ ತಂದವನು ತಿಕೋಟಾದಲ್ಲಿರುವ ನನ್ನ ತಂಗಿಯ ಮೊಮ್ಮಗ. ಏಳು ವರ್ಷದವನು. ಇವನದು ಸ್ವಲೀನತೆ, ಅಂದರೆ ಆಟಿಸಮ್, ಎಂದು ವೈದ್ಯರು ಹೇಳಿದ್ದಾರೆ. ನೀರಡಿಕೆಯಾದರೆ ಇವನು “ನಿನಗ ನೀರ ಬೇಕೇನ?” ಎನ್ನುತ್ತಾನೆ. ಹಸಿವಾದರೆ “ಉಣ್ತೀ ಏನ?” ಎನ್ನುತ್ತಾನೆ. ಮನೆಗೆ ಬಂದವರು ತಮ್ಮನ್ನೇ ಉಪಚರಿಸುತ್ತಿದ್ದಾನೆಂದು ತಿಳಿದು “ಆಗೇತಪ್ಪಾ” ಎಂದುಬಿಟ್ಟರೆ, ಹುಡುಗ ಹಸಿದೇ ಇರಬೇಕು! ನಮ್ಮ ನುಡಿಯಲ್ಲಿ ‘ನೀನು’ ಎಂಬ ಸರ್ವನಾಮ ಬಾಯಿಗೆ ಬಾರದಿದ್ದರೂ ಕ್ರಿಯಾಪದದ ತುದಿಯಲ್ಲಿ ಅಡಗಿರುತ್ತದೆ. ಈ ಮಗು ಅದನ್ನು ಬಿಡಿಸಿ ನೋಡುವುದಿಲ್ಲ. ಆ ಮಾತಿನ ಹಿಂದೆಯೇ ತಾಟು ಬಂದಿತ್ತು. ಆದ್ದರಿಂದ ಆ ಇಡಿಯ ಮಾತೇ ಊಟದ ಹೆಸರು.

1943ರಲ್ಲಿ ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಲ್ಲಿ ಇದೆಲ್ಲವೂ ಇದೆ. ಈ ಮಕ್ಕಳು ಸರ್ವನಾಮಗಳನ್ನು ಕೇಳಿದಂತೆಯೇ ಮರಳಿಸುತ್ತಾರೆ, ಧ್ವನಿಯ ಏರಿಳಿತವನ್ನು ಕೂಡ ಉಳಿಸಿಕೊಳ್ಳುತ್ತಾರೆ ಎಂದು ಆತ ಗುರುತಿಸಿದ. ಆ ಮಕ್ಕಳಲ್ಲೊಬ್ಬನಿಗೆ ಅವನ ತಂದೆ, “ಹೌದು” ಎಂದರೆ ಹೆಗಲ ಮೇಲೆ ಕೂಡ್ರಿಸಿಕೊಳ್ಳುತ್ತೇನೆಂದು ಹೇಳಿದ್ದನಂತೆ. ಅಂದಿನಿಂದ ಬಹುಕಾಲ ಆ ಹುಡುಗನ ‘ಹೌದು’ ಎಂಬುದಕ್ಕೆ ‘ನನ್ನನ್ನು ಹೆಗಲಿಗೇರಿಸು’ ಎಂಬುದೊಂದೇ ಅರ್ಥ. ಮುಂದೆ ಎಷ್ಟೋ ವರ್ಷ ಇಂಥ ಮರುನುಡಿಯನ್ನು ಬರಿಯ ಗಿಳಿಪಾಠವೆಂದು ಬಗೆದು, ಅದನ್ನು ಬಿಡಿಸುವುದೇ ಚಿಕಿತ್ಸೆಯೆಂದು ನಂಬಿದವರುಂಟು. 1980ರ ದಶಕದಲ್ಲಿ ಬ್ಯಾರಿ ಪ್ರಿಜಂಟ್ ಮೊದಲಾದ ವಾಕ್ ತಜ್ಞರು ಅದರಲ್ಲಿ ಬೇಡಿಕೆ, ಒಪ್ಪಿಗೆ, ಪ್ರತಿಭಟನೆ ಎಲ್ಲವೂ ಇರುತ್ತವೆಂದು ತೋರಿಸಿಕೊಟ್ಟರು. ನನ್ನ ತಂಗಿ ಅವರ ಹೆಸರನ್ನೇ ಕೇಳಿದವಳಲ್ಲ. ಆದರೂ ಅದೇ ನಿರ್ಣಯಕ್ಕೆ ಬಂದಿದ್ದಾಳೆ.

ಇನ್ನು ದನಿಯ ಮಾತು. ಈ ಮಕ್ಕಳೆಲ್ಲರ ಸ್ವರವೂ ಒಂದೇ ಬಗೆಯದಲ್ಲ. ಕೆಲವರದು ಏರಿಳಿತವಿಲ್ಲದ ಸಪಾಟು ದನಿ, ಕೆಲವರದು ಹಾಡಿನಂತೆ ತೂಗುವ ದನಿ. ಮಾತೇ ಬಾರದವರೂ ಇದ್ದಾರೆ. ಗಂಟಲಲ್ಲಿ ದೋಷವೇನೂ ಇಲ್ಲ. ನಾವು ಅರ್ಧ ಅರ್ಥವನ್ನು ಶಬ್ದದಲ್ಲಿಟ್ಟು ಉಳಿದರ್ಧವನ್ನು ರಾಗದಲ್ಲಿ ಬಚ್ಚಿಡುವವರು. ಆ ಬಚ್ಚಿಟ್ಟದ್ದು ಅವರಿಗೆ ಸುಲಭವಾಗಿ ಸಿಗದು. ನನ್ನ ‘ಶಾಣ್ಯಾ’ ಎಂಬ ಮಾತಿಗೆ ಆದದ್ದು ಅದೇ.

ನಮ್ಮ ಹುಡುಗನಲ್ಲಿ ಇನ್ನೊಂದು ವಿಚಿತ್ರವಿದೆ. ಕೇಳಿದ್ದನ್ನು ಮರುನುಡಿಯುವಾಗ ಅಚ್ಚ ತಿಕೋಟಾದ ಮಾತು. ತಾನೇ ವಾಕ್ಯ ಕಟ್ಟಿದರೆ ಮಾತ್ರ “ನನಗೆ ರೊಟ್ಟಿ ಬೇಡ” ಎಂದು ಟಿ.ವಿ.ಯ ಗ್ರಂಥಸ್ಥ ಕನ್ನಡ. ‘ಒಲ್ಲೆ’ ಎಂದದ್ದನ್ನು ನಾನು ಕೇಳಿಲ್ಲ. ಓಣಿಯವರು “ಬೆಂಗಳೂರ ಸಾಹೇಬ್ರು” ಎಂದು ನಗುತ್ತಾರೆ. ಇದು ನಮ್ಮ ಮನೆಯದೊಂದೇ ಕತೆಯೆಂದುಕೊಂಡಿದ್ದೆ. ಆದರೆ ಜಪಾನಿನ ಉತ್ತರಕ್ಕಿರುವ ತ್ಸುಗಾರು ಎಂಬ ಸೀಮೆಯಲ್ಲಿ, ಶಿಶುಗಳ ತಪಾಸಣೆ ಮಾಡುತ್ತಿದ್ದ ಮಹಿಳೆಯೊಬ್ಬರು ಒಂದು ದಿನ ಗಂಡನೊಡನೆ, ಸ್ವಲೀನತೆಯ ಮಕ್ಕಳು ನಮ್ಮ ಊರ ಮಾತು ಆಡುವುದಿಲ್ಲವೆಂದರಂತೆ. ಗಂಡ ಮನೋವಿಜ್ಞಾನಿ, ತೊಶಿಹಾರು ಮತ್ಸುಮೋಟೊ. ಹಾಗಿರಲಾರದೆಂದು ವಾದಿಸಿ, ಪರೀಕ್ಷಿಸಹೊರಟು, ದೇಶದ ಬೇರೆ ಕಡೆಯ ಶಿಕ್ಷಕರಿಂದಲೂ ಅದೇ ಮಾತು ಕೇಳಿ, 2017ರಲ್ಲಿ ಆ ವಿಷಯದ ಮೇಲೆಯೇ ಪುಸ್ತಕ ಬರೆದರು. ಊರ ಮಾತನ್ನು ಮಗು ಎದುರಿನವರ ಮನಸ್ಸನ್ನು ಹಿಡಿದು ಕಲಿಯುತ್ತದೆ, ಟಿ.ವಿ.ಯ ಮಾತಾದರೋ ಪ್ರತಿ ಸಲವೂ ಒಂದೇ ತೆರನಾಗಿ ಬರುತ್ತದೆ ಎಂಬುದು ಅವರ ವಿವರಣೆಯ ಸಾರ. ಹೆಂಡತಿಯೊಡನೆ ವಾದದಲ್ಲಿ ಸೋತು ಗ್ರಂಥಕರ್ತರಾದವರು ವಿರಳ.

ಮಗು ನಡೆಯಲು ಕಲಿಯುವಾಗ ಬಿದ್ದರೆ ತಂಗಿ “ಏನೂ ಆಗಿಲ್ಲ, ಏಳ ನನ್ನ ರಾಜಾ” ಎಂದು ಎಬ್ಬಿಸುತ್ತಿದ್ದಳು. ಹೋದ ವರ್ಷ ಜ್ವರ ಬಂದು ವಿಜಯಪುರದ ವೈದ್ಯರಲ್ಲಿಗೆ ಕರೆತಂದಾಗ ನಾನೂ ಜೊತೆಗಿದ್ದೆ. ಎಲ್ಲಿ ನೋವೆಂದು ಕೇಳಿದರೆ ಹುಡುಗ, ಕಣ್ಣೀರಿಲ್ಲದೆ, ಆಯಿಯ ಮುದ್ದಿನ ರಾಗದಲ್ಲಿಯೇ, “ಏನೂ ಆಗಿಲ್ಲ, ಏಳ ನನ್ನ ರಾಜಾ” ಎಂದ. ವೈದ್ಯರು ನಕ್ಕು ಬೆನ್ನು ಚಪ್ಪರಿಸಿ ಜ್ವರದ ಔಷಧ ಬರೆಯತೊಡಗಿದರು. “ಇಲ್ರೀ ಡಾಕ್ಟರ್ರ, ಅವಗ ಭಾಳ ನೋವಾಗೇತ್ರಿ. ಅದಕ್ಕ ಹಂಗ ಅನ್ನಾಕತ್ತಾನ್ರಿ” ಎಂದು ತಂಗಿ ಕುರ್ಚಿ ಬಿಟ್ಟೇಳಲಿಲ್ಲ. ಮತ್ತೆ ಪರೀಕ್ಷಿಸಿದರು. ಎಡಗಿವಿಯ ಒಳಗೆ ಕೀವು ತುಂಬಿತ್ತು.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಮಗೆ ಅದು ನಾಡಿನ ಇನ್ನೊಂದು ತುದಿ. ದ್ರಾಕ್ಷಿಯ ಕೆಲಸ ಮುಗಿದ ಮೇಲೆ ಕರೆದೊಯ್ಯಬೇಕೆಂದು ಮಾತಾಗಿದೆ.

ಕಿವಿ ವಾಸಿಯಾದ ತಿಂಗಳಿಗೆ ಅವನನ್ನು ಗೋಳಗುಮ್ಮಟಕ್ಕೆ ಕರೆದೊಯ್ದೆ. ಮಾತು ಮರಳಿಸುವ ಮಗು ಮಾತು ಮರಳಿಸುವ ಗುಮ್ಮಟವನ್ನು ನೋಡಲೆಂದು ನನ್ನ ಚಪಲ, ಮೇಷ್ಟರ ಬುದ್ಧಿ! ಪಿಸುಮಾತಿನ ಮೊಗಸಾಲೆಯಲ್ಲಿ ನೂರಾರು ಮಂದಿ ಕೂಗುತ್ತಿದ್ದರು. ಒಂದೊಂದು ಕೂಗೂ ಹಲವು ಸಲ ಮರುಳಿಸಿ ಬರುತ್ತಿತ್ತು. ನಾನೂ ಅವನ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಅವನು ಎರಡೂ ಕಿವಿ ಮುಚ್ಚಿಕೊಂಡು, ಗೋಡೆಗೆ ಆತು ಕುಳಿತು, ಮೆಲ್ಲಗೆ ಏನೋ ಅಂದ. ಗದ್ದಲದಲ್ಲಿ ಕೇಳಲಿಲ್ಲ. ಬಗ್ಗಿ ಅವನ ಬಾಯಿಯ ಬಳಿ ಕಿವಿಯಿಟ್ಟೆ.

“ಏನೂ ಆಗಿಲ್ಲ, ಏಳ ನನ್ನ ರಾಜಾ.”

ಎತ್ತಿಕೊಂಡು ಮೆಟ್ಟಿಲಿಳಿದೆ.