ಒಂದೇ ವೈರಿನ ಕನ್ನಡಿ

ಬಾಡಿಗೆ ಮನೆಯ ಗೋಡೆ ನಮ್ಮದಲ್ಲ. ಮುಂಬಯಿ ಉಪನಗರದ ಫ್ಲ್ಯಾಟಿನಲ್ಲಿ ಒಂದು ಮೊಳೆ ಹೊಡೆಯುವುದಕ್ಕೂ ಮಾಲೀಕರ ಮುಖ ನೋಡಬೇಕು. ಗೋಡೆ ಕೊರೆದು ಒಳಗಿನಿಂದ ವೈರ್ ಎಳೆಯುವ ಮಾತಂತೂ ದೂರವೇ ಉಳಿಯಿತು. ಹಾಗಾಗಿ ಇಲ್ಲಿನ ನಮ್ಮವರಲ್ಲಿ ಸ್ಮಾರ್ಟ್ ಕನ್ನಡಿ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಸಾಫ್ಟ್‌ವೇರ್ ಬಗ್ಗೆ ಅಲ್ಲ. "ಮಾರಾಯ್ರೆ, ಹಿಂದಿನಿಂದ ಒಂದೇ ವೈರ್ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದು. ಪವರ್ ಸಪ್ಲೈ ವಿನ್ಯಾಸವೇ ನನ್ನ ಹೊಟ್ಟೆಪಾಡಾದ್ದರಿಂದ ಈ ಪ್ರಶ್ನೆ ನನ್ನ ಬಾಗಿಲಿಗೇ ಬರುತ್ತದೆ.

ಆಗುತ್ತದೆ. ಅದಕ್ಕೆ ಮೊದಲು ಈ ಕನ್ನಡಿ ಏನೆಂದು ಎರಡು ಮಾತು. ಅರ್ಧ ಬೆಳಕು ಬಿಡುವ, ಅರ್ಧ ಪ್ರತಿಫಲಿಸುವ ಅಕ್ರಿಲಿಕ್ ಹಾಳೆ, ಅದರ ಹಿಂದೆ ಹಳೆಯ ಮಾನಿಟರಿನ ಪರದೆ, ಪರದೆಯ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಮೂಡಿಸಿದರೆ ನಿಮ್ಮ ಮುಖದ ಪಕ್ಕದಲ್ಲೇ ಗಂಟೆ, ವಾರ, ಹವಾಮಾನ ಕಾಣುತ್ತದೆ. ನೆದರ್ಲೆಂಡ್ಸ್‌ನ ಮೈಕೆಲ್ ಟೀವ್ 2014ರಲ್ಲಿ ಇಂಥದೊಂದನ್ನು ಮಾಡಿ 'ಮ್ಯಾಜಿಕ್ ಮಿರರ್' ಎಂದು ಹೆಸರಿಟ್ಟು ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಇದು ಮನೆಮನೆಯ ಹವ್ಯಾಸವಾಯಿತು.

ತೊಡಕು ಇರುವುದು ಊಟದಲ್ಲಿ. ಒಂದೇ ಮನೆಯಲ್ಲಿ ಗಂಜಿ ಉಣ್ಣುವವರೂ ಚಪಾತಿ ತಿನ್ನುವವರೂ ಇದ್ದ ಹಾಗೆ, ಪರದೆಗೆ 12 ವೋಲ್ಟ್ ಬೇಕು (ಕೆಲವಕ್ಕೆ 19), ಪೈಗೆ 5 ವೋಲ್ಟ್. ಇಬ್ಬರಿಗೂ ಬೇರೆ ಬೇರೆ ಅಡಾಪ್ಟರ್ ಎಂದರೆ ಎರಡು ವೈರ್. ಕೆಲವರು ಚೌಕಟ್ಟಿನೊಳಗೇ ಒಂದು ಸ್ಪೈಕ್ ಬಸ್ಟರ್ ಮಲಗಿಸಿ ಎರಡೂ ಅಡಾಪ್ಟರನ್ನು ಅದಕ್ಕೆ ಸಿಕ್ಕಿಸುತ್ತಾರೆ. ಹೊರಗೆ ಕಾಣುವುದು ಒಂದೇ ವೈರ್, ನಿಜ. ಆದರೆ 230 ವೋಲ್ಟ್ ಮರದ ಪೆಟ್ಟಿಗೆಯೊಳಗೆ, ಗಾಳಿಯಾಡದ ಕಡೆ, ಎರಡು ಬಿಸಿ ಅಡಾಪ್ಟರ್‌ಗಳ ಜೊತೆ ಇಪ್ಪತ್ತನಾಲ್ಕು ಗಂಟೆ ಕೂತಿರುತ್ತದೆ. ನನ್ನ ಮನೆಯಲ್ಲಿ ಇದನ್ನು ಬಿಡುವುದಿಲ್ಲ, ನಿಮ್ಮ ಮನೆಯಲ್ಲೂ ಬೇಡ. ಎಲ್‌ಇಡಿ ಅಂಗಡಿಯಲ್ಲಿ ಸಿಗುವ ತೂತು ತೂತಿನ ಲೋಹದ ಸಪ್ಲೈ ಡಬ್ಬಿಗೂ ಇದೇ ಮಾತು; ಅದರ ಸ್ಕ್ರೂಗಳ ಮೇಲೆ ಕರೆಂಟು ಬಯಲಾಗಿರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ. ಇನ್ನು ಮಾನಿಟರಿನ ಯುಎಸ್‌ಬಿ ಕಿಂಡಿಯಿಂದ ಪೈಗೆ ಉಣಿಸುವ ಉಪಾಯ: ಹಳೆಯ ಮಾನಿಟರಿನ ಆ ಕಿಂಡಿ ಕೊಡುವುದು ಅರ್ಧ ಆಂಪಿಯರ್, ಪೈ 3 ಕೇಳುವುದು ಎರಡೂವರೆ ಆಂಪಿಯರಿನ ಸಪ್ಲೈ. ಅರೆಹೊಟ್ಟೆ.

ಸರಿಯಾದ ದಾರಿ ಎಂದರೆ 230 ವೋಲ್ಟನ್ನು ಚೌಕಟ್ಟಿನ ಹೊರಗೇ ನಿಲ್ಲಿಸುವುದು. ಪ್ಲಗ್ ಪಾಯಿಂಟಿನ ಹತ್ತಿರ ಮುಚ್ಚಿದ ಒಂದು 12 ವೋಲ್ಟ್ ಅಡಾಪ್ಟರ್. ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದದ್ದನ್ನೇ ತೆಗೆದುಕೊಳ್ಳಿ; ಲ್ಯಾಮಿಂಗ್ಟನ್ ರೋಡಿನಲ್ಲಿ ನೂರು ರೂಪಾಯಿ ಉಳಿಸಲು ಹೋಗಿ ಗುರುತಿಲ್ಲದ್ದನ್ನು ತರಬೇಡಿ. ಅಲ್ಲಿಂದ 12 ವೋಲ್ಟಿನ ಒಂದೇ ವೈರ್ ಕನ್ನಡಿಗೆ. ಒಳಗೆ ಅದು ಕವಲೊಡೆದು ಒಂದು ಪರದೆಗೆ ನೇರ, ಇನ್ನೊಂದು 'ಬಕ್ ಕನ್ವರ್ಟರ್' ಎಂಬ ಪುಟ್ಟ ಹಲಗೆಗೆ. ಅದು 12ನ್ನು 5ಕ್ಕೆ ಇಳಿಸಿ ಪೈಗೆ ಕೊಡುತ್ತದೆ.

ಲೆಕ್ಕ ಕಷ್ಟದ್ದಲ್ಲ. ಪರದೆಯ ಹಿಂದಿನ ಚೀಟಿಯಲ್ಲಿ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ 24 ವ್ಯಾಟ್. ಪೈಗೆ 5 ವೋಲ್ಟಿನಲ್ಲಿ 2 ಆಂಪಿಯರ್ ಎಂದರೆ 10 ವ್ಯಾಟ್. ಇಳಿಸುವಾಗ ಕನ್ವರ್ಟರ್ ತಾನೂ ಸ್ವಲ್ಪ ತಿನ್ನುವುದರಿಂದ ಹನ್ನೆರಡೂವರೆ ಎಂದಿಟ್ಟುಕೊಳ್ಳಿ. ಒಟ್ಟು ಮೂವತ್ತಾರೂವರೆ. 36 ವ್ಯಾಟಿನ ಅಡಾಪ್ಟರ್ ಸಾಕಲ್ಲ ಎಂದು ಅಂಗಡಿಯವ ಹೇಳಬಹುದು. ಸಾಲದು. 5 ಆಂಪಿಯರಿನ, ಅಂದರೆ 60 ವ್ಯಾಟಿನದನ್ನು ತನ್ನಿ. ಮೇ ತಿಂಗಳ ಸೆಕೆಯಲ್ಲಿ ಪೂರ್ತಿ ಹೊರೆ ಹೊತ್ತ ಅಡಾಪ್ಟರ್ ಬಹಳ ದಿನ ಬಾಳುವುದಿಲ್ಲ. ನಿಮ್ಮ ಮಾನಿಟರಿನದು 19 ವೋಲ್ಟಿನ ಅಡಾಪ್ಟರ್ ಆಗಿದ್ದು ಅದರಲ್ಲಿ ಸಾಕಷ್ಟು ವ್ಯಾಟ್ ಮಿಕ್ಕಿದ್ದರೆ ಅದೇ ಆದೀತು, ಸಾಮಾನ್ಯವಾಗಿ ಸಿಗುವ ಎಲ್‌ಎಂ 2596 ಕನ್ವರ್ಟರ್ 19ನ್ನೂ ತಡೆಯುತ್ತದೆ. ಮಾನಿಟರಿಗೆ ಮೂರು ಪಿನ್ನಿನ ದಪ್ಪ ವೈರ್ ನೇರ ಹೋಗುವುದಾದರೆ ಮಾತ್ರ ಅದನ್ನು ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಹೊಡೆಯುತ್ತದೆ.

ಇಷ್ಟೆಲ್ಲ ಸರಿ ಮಾಡಿಯೂ ಕೆಡುವ ಜಾಗ ಒಂದಿದೆ, ವೈರ್. ಡೊಂಬಿವಲಿಯಲ್ಲಿ ಕಾರ್ಕಳ ಕಡೆಯ ಒಬ್ಬ ಹುಡುಗ ತನ್ನ ಅಮ್ಮನಿಗಾಗಿ ಇಂಥ ಕನ್ನಡಿ ಮಾಡಿದ್ದ. ಅವರಿಗೆ ಸಕ್ಕರೆ ಕಾಯಿಲೆ, ಮಗ ಬೆಳಗ್ಗಿನ ಲೋಕಲ್ ಹಿಡಿದರೆ ರಾತ್ರಿಯೇ ವಾಪಸು. ಓದಲು ಬರುವುದು ಕನ್ನಡ ಮಾತ್ರ. 'ತಿಂಡಿಗೆ ಮೊದಲಿನ ಮಾತ್ರೆ', 'ಮಧ್ಯಾಹ್ನದ ಮಾತ್ರೆ' ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಕನ್ನಡಿ ಹೇಳುತ್ತಿತ್ತು. ಆ ಮನೆಯಲ್ಲಿ ಹಗಲಿಡೀ ಅವರ ಜೊತೆ ಕನ್ನಡ ಮಾತಾಡುತ್ತಿದ್ದದ್ದು ಅದೊಂದೇ. ಆದರೆ ದಿನಕ್ಕೆ ಎರಡು ಮೂರು ಸಲ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. "ಕನ್ನಡಿಗೆ ಕಣ್ಣು ಕತ್ತಲೆ ಬರ್ತದೆ, ನನ್ನ ಹಾಗೇ" ಎನ್ನುತ್ತಿದ್ದರು ಆ ಅಮ್ಮ. ಕತ್ತಲೆ ಬಂದ ಹೊತ್ತಿನಲ್ಲಿ ಮಾತ್ರೆ ತಪ್ಪಿದ ದಿನವೂ ಇತ್ತು. ಹುಡುಗ ತಂತ್ರಾಂಶ ಬದಲಿಸಿದ, ಮೆಮೊರಿ ಕಾರ್ಡ್ ಬದಲಿಸಿದ. ನಾನು ಹೋಗಿ ನೋಡಿದಾಗ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಿತ್ತು. 5 ವೋಲ್ಟ್ ಸುಮಾರು 4.63ಕ್ಕಿಂತ ಕೆಳಗಿಳಿದಾಗ ಪೈ ತೋರಿಸುವ ಗುರುತದು.

ಅವನು ಕನ್ವರ್ಟರನ್ನು ಕೆಳಗೆ ಅಡಾಪ್ಟರಿನ ಪಕ್ಕ ಇಟ್ಟು ಅಲ್ಲಿಂದ ಒಂದು ಮೀಟರ್ ಸಪೂರ ಮೊಬೈಲ್ ಕೇಬಲಿನಲ್ಲಿ 5 ವೋಲ್ಟನ್ನು ಮೇಲೆ ಒಯ್ದಿದ್ದ. ಅಂಥ 28 ಗೇಜಿನ ವೈರಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಹೋಗಿ ಬರುವ ಎರಡೂ ಎಳೆ ಸೇರಿ 0.42. ಪೈ ಒಂದೂವರೆ ಆಂಪಿಯರ್ ಎಳೆದ ಕ್ಷಣ 0.63 ವೋಲ್ಟ್ ದಾರಿಯಲ್ಲೇ ಸೋರಿಹೋಗಿ 5.1 ಇದ್ದದ್ದು 4.47ಕ್ಕೆ ಇಳಿಯುತ್ತದೆ. ಬಾವಿಯಲ್ಲಿ ನೀರಿದ್ದೂ ಸಪೂರ ಪೈಪಿನ ಕೊನೆಯ ತೆಂಗಿನ ಬುಡಕ್ಕೆ ತಲುಪದ ಹಾಗೆ.

ಕನ್ವರ್ಟರನ್ನು ಬಿಚ್ಚಿ ಕನ್ನಡಿಯ ಒಳಗೆ ಪೈಯ ಪಕ್ಕಕ್ಕೇ ತಂದೆವು. ಈಗ ದೂರ ನಡೆಯುವುದು 12 ವೋಲ್ಟ್. ಪೈಯ ಪಾಲಿನ ಕರೆಂಟು ಅದರಲ್ಲಿ ಅರ್ಧದಷ್ಟೇ. ದಾರಿಯಲ್ಲಿ ತುಸು ಸೋರಿದರೂ ಕನ್ವರ್ಟರ್ ಅದನ್ನು ಸರಿದೂಗಿಸಿ 5 ಕೊಡುತ್ತದೆ. ಪರದೆಯ ಭಾರವೂ ಇರುವುದರಿಂದ ಕೆಳಗಿನಿಂದ ಬರುವ ವೈರನ್ನು 0.75 ಚದರ ಮಿಲಿಮೀಟರಿನದು ಹಾಕಿದೆವು, ಕನ್ವರ್ಟರಿನಿಂದ ಪೈಗೆ ಗೇಣುದ್ದದ ದಪ್ಪ ಕೇಬಲ್. ಅದೇ ಕೊನೆ, ಮಿಂಚು ಮತ್ತೆ ಬರಲಿಲ್ಲ.

ಮಾಡುವವರಿಗೆ ಇನ್ನೆರಡು ಮಾತು. ಕನ್ವರ್ಟರಿನ ಮೇಲಿನ ಪುಟ್ಟ ತಿರುಪನ್ನು ತಿರುಗಿಸಿ, ಮಲ್ಟಿಮೀಟರಿನಲ್ಲಿ 5.1 ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪೈ ಜೋಡಿಸಿ. ಹೊಸ ಹಲಗೆ ಎಷ್ಟಕ್ಕೆ ತಿರುಗಿ ನಿಂತಿರುತ್ತದೋ ಹೇಳಲಾಗದು, 12 ನೇರ ಹೋದರೆ ಪೈ ಅಲ್ಲೇ ಮುಗಿಯಿತು. ಒಳಬರುವ 12ರ ಮೇಲೆ 5 ಆಂಪಿಯರಿನ ಒಂದು, ಪೈಯ ಕವಲಿನ ಮೇಲೆ 2 ಆಂಪಿಯರಿನ ಒಂದು ಫ್ಯೂಸ್ ಹಾಕಿ. ಚೌಕಟ್ಟಿನ ಕೆಳಗೂ ಮೇಲೂ ಸಾಲು ತೂತು ಕೊರೆಯಿರಿ, ಬಿಸಿಗಾಳಿ ತಾನಾಗಿ ಮೇಲಕ್ಕೆ ಹೋಗುತ್ತದೆ.

ಒಂದೇ ಸಪ್ಲೈಯಿಂದ ಒಂದು ತೊಂದರೆಯೂ ಇದೆ: ಸ್ವಿಚ್ ಆರಿಸಿದರೆ ಪೈ ಕೂಡ ಅರ್ಧ ಬರೆಯುವಾಗಲೇ ಆರಿ ಮೆಮೊರಿ ಕಾರ್ಡ್ ಕೆಡಬಹುದು. ಆ ಹುಡುಗ ಪೈಯ 5 ಮತ್ತು 6ನೇ ಪಿನ್ನಿಗೆ ಒಂದು ಒತ್ತುಗುಂಡಿ ಜೋಡಿಸಿ ಚೌಕಟ್ಟಿನ ಬದಿಗೆ ಕೂರಿಸಿದ. ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದರೆ ಅದು ಪೈಯನ್ನು ಕ್ರಮವಾಗಿ ಮಲಗಿಸುತ್ತದೆ. ಗುಡುಗು ಕೇಳಿಸಿದರೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮ ಕರಾವಳಿಯವರ ಹುಟ್ಟುಗುಣ. ಈಗ ಆ ಅಮ್ಮ ಗುಡುಗಿದಾಗ ಮೊದಲು ಗುಂಡಿ ಒತ್ತಿ, ಹಸಿರು ದೀಪ ಮಿನುಗುವುದು ನಿಲ್ಲುವವರೆಗೆ ಕಾದು, ಆಮೇಲೆ ಸ್ವಿಚ್ ಆರಿಸುತ್ತಾರೆ.