ಮಳೆಗಾಲದ ಹುಲ್ಲು ಬೇಸಿಗೆಯ ಗೋದಲಿಗೆ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ದನಕ್ಕೆ ಒಣ ಕಣಿಕೆಯೇ ಗತಿ. ತೊಗರಿ ಹಬ್ಬಿದಷ್ಟೂ ಜೋಳ ಹಿಂದೆ ಸರಿದು ಕಣಿಕೆಯ ಬಣವೆಯೂ ಸಣ್ಣದಾಗಿದೆ. ಆದರೆ ಮಳೆಗಾಲದಲ್ಲಿ ನೇಪಿಯರ್ ಹುಲ್ಲು ದನ ತಿಂದು ತೀರಿಸಲಾರದಷ್ಟು ಬೆಳೆಯುತ್ತದೆ. ಅದನ್ನು ಗಾಳಿಯಾಡದಂತೆ ಹುದುಗಿಸಿಟ್ಟರೆ ರಸಮೇವು, ಅಂದರೆ ಸೈಲೇಜ್.

ಗಾಳಿ ಇಲ್ಲದೆಡೆ ಬ್ಯಾಕ್ಟೀರಿಯಾಗಳು ಹುಲ್ಲಿನ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಮೊಸರಾಗುವಾಗ ಹುಟ್ಟುವ ಆಮ್ಲವೂ ಇದೇ. ಪಿಎಚ್ 4ರ ಆಸುಪಾಸಿಗೆ ಇಳಿದರೆ ಮೇವು ಕೊಳೆಯುವುದಿಲ್ಲ. ನೇಪಿಯರ್‌ನ ತೊಡಕೆಂದರೆ ನೀರು ಹೆಚ್ಚು, ಸಕ್ಕರೆ ಕಡಿಮೆ. ಹಾಗಾಗಿ ಮೆಕ್ಕೆಜೋಳದ ರಸಮೇವು ಮಾಡುವ ವಿಧಾನ ಇದಕ್ಕೆ ಹಾಗೇ ಒಗ್ಗದು.

45–50 ದಿನದ ಹುಲ್ಲನ್ನು ಬಿಸಿಲಿರುವ ದಿನ ಕೊಯ್ದು, ಅರ್ಧ ದಿನ ಬಾಡಿಸಿ, 2–3 ಸೆಂ.ಮೀ. ತುಂಡು ಮಾಡಿ. ಒಂದು ಹಿಡಿ ತುಂಡನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಇನ್ನೂ ಹಸಿ. ಅಂಗೈ ತೇವವಾಗಿ, ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ. ಮೋಡವಿದ್ದು ಬಾಡದಿದ್ದರೆ ಕತ್ತರಿಸಿದ ಒಣ ಕಣಿಕೆ ಬೆರೆಸಿ, ಅದು ನೀರು ಹೀರುತ್ತದೆ. 100 ಕಿಲೋ ಹುಲ್ಲಿಗೆ 2–3 ಕಿಲೋ ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಚಿಮುಕಿಸಿ. ಎರೆಮಣ್ಣು ಮಾತ್ರ ಅಂಟಿರಬಾರದು. ಮಣ್ಣಿನ ಜೊತೆ ಕೊಳೆಸುವ ಬ್ಯಾಕ್ಟೀರಿಯಾ ಒಳಸೇರುತ್ತವೆ.

ಎರಡು ಎಮ್ಮೆ ಕಟ್ಟಿದವರಿಗೆ ಈ ಹುಲ್ಲು ತುಂಬಿಡಲು ಗುಂಡಿ ಬೇಡವೆಂದೇ ನನ್ನ ಮಾತು. ತೆರೆದ ಗುಂಡಿಯ ಮುಖದಿಂದ ದಿನಕ್ಕೆ 15 ಸೆಂ.ಮೀ.ನಷ್ಟಾದರೂ ತೆಗೆಯಬೇಕು, ಇಲ್ಲವಾದರೆ ಗಾಳಿ ಹೊಕ್ಕು ಬೂಷ್ಟು ಹಿಡಿಯುತ್ತದೆ. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮುಖದಲ್ಲಿ ಅಷ್ಟು ತೆಗೆದರೆ ಸುಮಾರು 80 ಕಿಲೋ ಆಗುತ್ತದೆ. ಎರಡು ಎಮ್ಮೆ ತಿನ್ನುವುದು 30 ಕಿಲೋ. ಪ್ಲಾಸ್ಟಿಕ್ ಒಳಪದರದ 50 ಕಿಲೋ ಚೀಲವಾದರೆ ಎರಡೇ ದಿನಕ್ಕೆ ಖಾಲಿ. ಪದರ ಪದರವಾಗಿ ತುಳಿದು, ಗಾಳಿ ಹೊರಗೆ ಹಾಕಿ, ಬಾಯಿ ಬಿಗಿದು ನೆರಳಲ್ಲಿಡಿ. ಇಲಿ ಕಡಿದ ತೂತು ಕಂಡರೆ ಅಂದೇ ಟೇಪು ಹಚ್ಚಿ.

ಹತ್ತಾರು ದನವಿದ್ದರೆ ಗುಂಡಿ ಸರಿ. ವಾಡಿ, ಶಹಾಬಾದ್ ಕಡೆ ಅದಕ್ಕೆ ಹಾಸುಗಲ್ಲು ಜೋಡಿಸುವುದು ಸುಲಭ. ಆದರೆ ಶಹಾಬಾದ್ ಕಲ್ಲು ಸುಣ್ಣಕಲ್ಲು. ಆಮ್ಲದ ರಸ ಅದನ್ನು ತಿನ್ನುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು.

45 ದಿನ ಕಳೆದ ಮೇಲೆ ಬಿಚ್ಚಿ. ಹಳದಿಮಿಶ್ರಿತ ಹಸಿರು, ಹುಳಿವಾಸನೆ ಇದ್ದರೆ ಒಳ್ಳೆಯದು. ಕೊಳೆತ ನಾತವಿದ್ದರೆ, ಬೂಷ್ಟಿದ್ದರೆ ತಿಪ್ಪೆಗೆ ಹಾಕಿ. ಮೊದಲು ದಿನಕ್ಕೆ 5 ಕಿಲೋ ಕೊಟ್ಟು, ವಾರದಲ್ಲಿ 15 ಕಿಲೋಗೆ ಏರಿಸಿ. ಜೊತೆಗೆ ಕಣಿಕೆ, ಹಿಂಡಿ ಇರಲಿ. ಹಾಲು ಕರೆದ ಮೇಲೆಯೇ ಹಾಕಿದರೆ ಹಾಲಿಗೆ ವಾಸನೆ ತಾಗುವುದಿಲ್ಲ. ಮೆಲುಕು ಹಾಕಲು ಇನ್ನೂ ಸರಿಯಾಗಿ ಬಾರದ ಎಳೆಗರುಗಳಿಗೆ ಕೊಡಬೇಡಿ.