ತೋಳಿನ ಗಂಟಿನೊಳಗೆ ಲಾಡಿಹುಳುವಿನ ಮರಿ: ಟಿಶ್ಯೂ ಪರೀಕ್ಷೆ ಯಾಕೆ ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಂಗಾರಪೇಟೆಯಿಂದ ಮಾತಾಡ್ತಾ ಇದ್ದೀನಿ. ನಾನು ಪ್ಯಾಥಾಲಜಿಸ್ಟ್. ಅಂದರೆ, ರೋಗಿಯ ಮುಖಕ್ಕಿಂತ ಅವರ ಸ್ಲೈಡನ್ನು ಜಾಸ್ತಿ ನೋಡುವ ಡಾಕ್ಟರು. ಚರ್ಮದಲ್ಲೋ ಚರ್ಮದ ಅಡಿಯಲ್ಲೋ ಸೇರಿಕೊಳ್ಳುವ ಪರಾವಲಂಬಿ ಜೀವಿಗಳನ್ನು ಒಂದು ಚೂರು ಅಂಗಾಂಶದಲ್ಲಿ ನಾವು ಹೇಗೆ ಗುರುತಿಸ್ತೀವಿ ಅನ್ನೋದು ಇವತ್ತಿನ ವಿಷಯ.

ನಮ್ಮೂರಲ್ಲಿ ಗಂಟಿಗೆ ಮೂರು ಹೆಸರು. ಕನ್ನಡದವರು ಗಡ್ಡೆ ಅಂತಾರೆ, ತೆಲುಗಿನವರು ಗಡ್ಡ, ಕೆಜಿಎಫ್ ಕಡೆಯ ತಮಿಳರು ಕಟ್ಟಿ. ಹೆಸರು ಮೂರಾದರೂ ಊಹೆ ಎರಡೇ. ನೋವಿಲ್ಲದಿದ್ದರೆ ‘ಕೊಬ್ಬಿನ ಗಂಟು, ಬಿಡಿ’. ಕತ್ತಿನಲ್ಲಿದ್ದರೆ ಟಿಬಿ. ಗಣಿ ಧೂಳಿನಿಂದ ಸಿಲಿಕೋಸಿಸ್, ಅದರ ಬೆನ್ನಿಗೇ ಟಿಬಿ ಕಂಡ ಜಾಗ ಇದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆ ಭಯ ಮಾತ್ರ ಉಳಿದುಕೊಂಡಿದೆ. ಎರಡೂ ಊಹೆ ಎಷ್ಟೋ ಸಲ ಸರಿಯಾಗೇ ಇರುತ್ತೆ. ಆದರೆ ಅಪರೂಪಕ್ಕೆ ಆ ಗಂಟಿನೊಳಗೆ ಒಂದು ಹುಳು ಕೂತಿರುತ್ತೆ.

ಒಂದು ಕೇಸು ಹೇಳ್ತೀನಿ, ಹೆಸರು ಊರು ಬೇಡ. ಮೂವತ್ತರ ಆಸುಪಾಸಿನ ಗಂಡಸು, ಮೇಲ್ದೋಳಿನಲ್ಲಿ ಗೋಲಿಯಷ್ಟು ಗಂಟು. ಚೀಟಿಯಲ್ಲಿ ‘ಲೈಪೋಮಾ?’ ಅಂತ ಬರೆದಿತ್ತು. ಇಂಥದ್ದಕ್ಕೆ ಮೊದಲು ಎಫ್‌ಎನ್‌ಎಸಿ ಮಾಡ್ತೀವಿ. ಇಂಜೆಕ್ಷನ್ನಿನಂಥ ಸಣ್ಣ ಸೂಜಿಯನ್ನು ಗಂಟಿಗೆ ಚುಚ್ಚಿ, ಒಳಗಿನದನ್ನು ಎಳೆದು ಸ್ಲೈಡಿಗೆ ಹಚ್ಚೋದು. ಅರಿವಳಿಕೆ ಬೇಡ, ಹೊಲಿಗೆ ಬೇಡ. ಕೊಬ್ಬಾಗಿದ್ದರೆ ಜಿಡ್ಡು ಬರಬೇಕು. ಇಲ್ಲಿ ಬಂದದ್ದು ತಿಳಿನೀರಿನಂಥ ಎರಡು ಹನಿ. ಬಣ್ಣ ಹಾಕಿ ನೋಡಿದರೆ ತುಂಬಾ ಇಯೊಸಿನೊಫಿಲ್ ಕಣಗಳು. ಅವು ಅಲರ್ಜಿಯಲ್ಲೂ ಹುಳುವಿನ ಸೋಂಕಿನಲ್ಲೂ ಏರುವ ಬಿಳಿ ರಕ್ತಕಣಗಳು. ಅವುಗಳ ನಡುವೆ ನೀಲಿ ಛಾಯೆಯ, ಎಳೆಎಳೆಯಾದ ಪದಾರ್ಥ, ಅದರೊಳಗೆ ಚುಕ್ಕಿಯಂಥ ನ್ಯೂಕ್ಲಿಯಸ್‌ಗಳು. ಅದು ಮನುಷ್ಯನ ಟಿಶ್ಯೂ ಅಲ್ಲ. ಹಂದಿ ಲಾಡಿಹುಳುವಿನ ಮರಿಯ ಗೋಡೆ. ಕಾಯಿಲೆಯ ಹೆಸರು ಸಿಸ್ಟಿಸರ್ಕೋಸಿಸ್.

ರಿಪೋರ್ಟ್ ಬರೆಯೋ ಮುಂಚೆ ಅವರನ್ನ ಕರೆಸಿ ಕೇಳಿದೆ, ಯಾವತ್ತಾದರೂ ಫಿಟ್ಸ್ ಬಂದಿತ್ತಾ ಅಂತ. ಅವರು ಇಲ್ಲ ಅಂದರು. ಜೊತೆಗಿದ್ದ ಹೆಂಡತಿ ತಡೆದು, “ಹೋದ ಬೇಸಿಗೆಯಲ್ಲಿ ಒಂದ್ಸಲ ಬಿದ್ದು ಕೈಕಾಲು ಒದರಿದ್ರಲ್ಲ, ಬಿಸಿಲಿಗೆ ಅಂತ ಸುಮ್ಮನಾದ್ವಿ” ಅಂದರು. ನಾನು ಭಯಪಟ್ಟಿದ್ದೂ ಅದನ್ನೇ. ತೋಳಿನ ಗಂಟಿನಿಂದ ಯಾರೂ ಸಾಯಲ್ಲ. ಇದೇ ಮರಿ ಮೆದುಳಿನಲ್ಲೂ ಕೂರಬಹುದು ಅನ್ನೋದೇ ಆತಂಕ. ಈ ಸೋಂಕು ನೆಲೆಯೂರಿರುವ ಎಷ್ಟೋ ಪ್ರದೇಶಗಳಲ್ಲಿ ಅಪಸ್ಮಾರದ ಸುಮಾರು 30 ಶೇಕಡಾ ಪ್ರಕರಣಗಳಿಗೆ ಇದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅವರನ್ನು ತಲೆಯ ಸ್ಕ್ಯಾನ್‌ಗೆ ಬೆಂಗಳೂರಿಗೆ ಕಳಿಸಿದ್ವಿ. ಮೆದುಳಿನಲ್ಲಿ ಎರಡು ಇದ್ದವು. ಚಿಕಿತ್ಸೆ ಶುರುವಾಯಿತು.

ಆವತ್ತು ಅವರು ಕೇಳಿದ ಪ್ರಶ್ನೆಯನ್ನ ಎಲ್ಲರೂ ಕೇಳ್ತಾರೆ: “ನಾವು ಹಂದಿ ಮಾಂಸ ಇರಲಿ, ಮೊಟ್ಟೆನೂ ಮುಟ್ಟಲ್ಲ. ನಮಗೆ ಹೆಂಗೆ ಬಂತು?” ಇಲ್ಲಿ ಎರಡು ಬೇರೆ ಬೇರೆ ದಾರಿ ಇವೆ, ಜನ ಎರಡನ್ನೂ ಕಲಸಿಬಿಡ್ತಾರೆ. ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ಮರಿ ಇದ್ದು ಅದನ್ನು ತಿಂದರೆ, ಕರುಳಿನಲ್ಲಿ ಉದ್ದನೆಯ ಲಾಡಿಹುಳು ಬೆಳೆಯುತ್ತೆ. ತೋಳಿಗೆ ಮೆದುಳಿಗೆ ಹೋಗುವ ಮರಿ ಬರೋದು ಮಾಂಸದಿಂದ ಅಲ್ಲ. ಲಾಡಿಹುಳು ಇರುವ ಇನ್ನೊಬ್ಬ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರ್ತವೆ. ತೊಳೆಯದ ಕೈಯಿಂದ, ತೊಳೆಯದ ಕೊತ್ತಂಬರಿಯಿಂದ, ಕೆಟ್ಟ ನೀರಿನಿಂದ ಆ ಮೊಟ್ಟೆ ಹೊಟ್ಟೆ ಸೇರಿದರೆ, ಮರಿ ಕರುಳಿನ ಗೋಡೆ ದಾಟಿ ರಕ್ತದಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತೆ. ಆದ್ದರಿಂದ ಸಸ್ಯಾಹಾರಿ ಅನ್ನೋದು ಇಲ್ಲಿ ರಕ್ಷಣೆ ಅಲ್ಲ. ಇನ್ನೊಂದು ಮಾತು. ರೋಗಿ ಸಿಕ್ಕಿದ ಮೇಲೆ ಮನೆಯವರ, ಅಡುಗೆ ಮಾಡುವವರ ಮಲ ಪರೀಕ್ಷೆ ಮಾಡಿಸಬೇಕು. ಲಾಡಿಹುಳು ಇರೋರಿಗೆ ಎಷ್ಟೋ ಸಲ ಏನೂ ಗೊತ್ತಾಗಲ್ಲ, ಹಂಚುತ್ತಾನೇ ಇರ್ತಾರೆ.

ಈಗ ಕೊಯ್ದು ತೆಗೆದ ಗಂಟಿನ ವಿಷಯ, ಅಂದರೆ ಬಯಾಪ್ಸಿ. ಗಂಟನ್ನು ಕತ್ತರಿಸಿದರೆ ತಿಳಿನೀರು ಚೆಲ್ಲುತ್ತೆ, ಒಳಗೋಡೆಗೆ ಅಂಟಿದ ಒಂದು ಬಿಳಿ ಚುಕ್ಕಿ ಕಾಣುತ್ತೆ. ಅದು ಹುಳುವಿನ ತಲೆ. ಸೂಕ್ಷ್ಮದರ್ಶಕದಲ್ಲಿ ಆ ತಲೆಗೆ ನಾಲ್ಕು ಹೀರುಬಟ್ಟಲು, ಎರಡು ಸಾಲು ಕೊಕ್ಕೆ. ಒಂದು ಸಲ ನೋಡಿದವರು ಮರೆಯಲ್ಲ. ಆದರೆ ಅದು ಸಿಗಬೇಕಲ್ಲ! ಲೆಕ್ಕ ಹಾಕಿ. ಟಿಶ್ಯೂವನ್ನು ಮೇಣದಲ್ಲಿ ಕೂರಿಸಿ ಸುಮಾರು 4 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ತೀವಿ. ಒಂದು ಸೆಂಟಿಮೀಟರ್ ಗಂಟು ಅಂದರೆ 2500 ಪದರ. ನಾವು ಸಾಮಾನ್ಯವಾಗಿ ನೋಡೋದು ಅದರಲ್ಲಿ ಒಂದೆರಡನ್ನು. ತಲೆ ಇರುವ ಜಾಗ ತಪ್ಪಿದರೆ ಬರೀ ಉರಿಯೂತ ಕಾಣುತ್ತೆ, ದೈತ್ಯ ಕಣಗಳು ಕಾಣ್ತವೆ, ಅದನ್ನ ಟಿಬಿ ಅಂತಲೂ ಓದಿಬಿಡಬಹುದು. ಅದಕ್ಕೇ ಇಯೊಸಿನೊಫಿಲ್ ಜಾಸ್ತಿ ಕಂಡರೆ ಬ್ಲಾಕನ್ನು ಇನ್ನೂ ಆಳಕ್ಕೆ ಕೊಯ್ಸಿ ನೋಡಬೇಕು. ಹುಳು ಸತ್ತು ಕರಗಿದ್ದರೂ ಅದರ ಗೋಡೆಯ ಅಲೆಅಲೆ ಅಂಚು, ನೇರಳೆ ಬಣ್ಣದ ದುಂಡನೆಯ ಸುಣ್ಣದ ಕಾಳುಗಳು ಉಳಿದಿರುತ್ತವೆ. ನನಗಂತೂ ಕೊಕ್ಕೆಗಿಂತ ಈ ಕಾಳುಗಳ ಮೇಲೇ ಹೆಚ್ಚು ನಂಬಿಕೆ.

ಇದೆಲ್ಲ ಆಗಬೇಕಾದರೆ ಚೂರು ಲ್ಯಾಬಿಗೆ ಸರಿಯಾಗಿ ಬರಬೇಕು. ಒಂದು ನರ್ಸಿಂಗ್ ಹೋಮಿನಿಂದ ಟಾನಿಕ್ ಬಾಟಲಿಯಲ್ಲಿ ಬಂದಿತ್ತು. ಸಣ್ಣ ಬಾಯಿ, ತುರುಕುವಾಗ ಗಂಟು ಒಡೆದು ಚಪ್ಪಟೆ ಆಗಿತ್ತು. ಇನ್ನೊಂದು ಕಡೆಯಿಂದ ಸಲೈನಿನಲ್ಲಿ, ರಾತ್ರಿಯೆಲ್ಲಾ ಕೊಳೆತು. ಬೇಕಾಗಿರೋದು ಅಗಲ ಬಾಯಿಯ ಡಬ್ಬಿ, ಚೂರಿನ ಕನಿಷ್ಠ ಹತ್ತು ಪಟ್ಟು ಫಾರ್ಮಲಿನ್, ಹೆಸರು, ತಾರೀಕು, ಗಂಟು ಯಾವ ಜಾಗದ್ದು ಅನ್ನೋದು. ‘ಕೊಬ್ಬಿನ ಗಂಟು ತಾನೇ’ ಅಂತ ತೆಗೆದದ್ದನ್ನು ಬಿಸಾಕಿದರೆ ಮಾತ್ರ ಯಾವ ಪ್ಯಾಥಾಲಜಿಸ್ಟೂ ಏನೂ ಮಾಡಕ್ಕಾಗಲ್ಲ.

ಎಲ್ಲ ಪರಾವಲಂಬಿಗೂ ಫಾರ್ಮಲಿನ್ನೇ ಸರಿ ಅಂತಲೂ ಇಲ್ಲ. ತಿಂಗಳುಗಟ್ಟಲೆ ವಾಸಿಯಾಗದ, ಅಷ್ಟಾಗಿ ನೋಯದ ಹುಣ್ಣು ಚರ್ಮದ ಲೀಶ್ಮೇನಿಯಾಸಿಸ್ ಇರಬಹುದು. ಮರಳುನೊಣ ಕಚ್ಚಿ ಬರುವಂಥದ್ದು. ಕೋಲಾರದ ಕಡೆ ಇದು ಮನೆಮಾತಲ್ಲ. ಆದರೆ ಬಿಕಾನೇರಿನಲ್ಲಿದೆ, ಸೌದಿಯಲ್ಲಿದೆ, ನಮ್ಮವರು ಕೆಲಸಕ್ಕೆ ಎರಡೂ ಕಡೆ ಹೋಗ್ತಾರೆ. ಎಲ್ಲಿದ್ದಿರಿ ಅಂತ ಡಾಕ್ಟರು ಕೇಳಿದರೆ ಅದು ಹರಟೆಯಲ್ಲ. ಇದರಲ್ಲಿ ಹುಣ್ಣಿನ ಅಂಚಿನಿಂದ ಚೂರು ತೆಗೀಬೇಕು, ನಡುವಿನಿಂದ ಅಲ್ಲ. ನಡುವೆ ಸಿಗೋದು ಬರೀ ಸತ್ತ ಟಿಶ್ಯೂ. ಚೂರಿನ ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಹಸಿಯಾಗೇ ಕಲ್ಚರ್‌ಗೆ, ಪಿಸಿಆರ್‌ಗೆ. ಜೊತೆಗೆ ಅದೇ ಚೂರನ್ನು ಸ್ಲೈಡಿಗೆ ಮೆಲ್ಲಗೆ ಒತ್ತಿ, ಗೀಮ್ಸಾ ಬಣ್ಣ ಹಾಕಿ ನೋಡೋದು. ಜೀವಿಯ ಗಾತ್ರ 2ರಿಂದ 4 ಮೈಕ್ರಾನ್ ಮಾತ್ರ. ಕಣದೊಳಗೆ ಗುಂಪಾಗಿ ಕೂತಿರುತ್ತೆ, ಒಂದೊಂದರಲ್ಲೂ ದುಂಡನೆ ನ್ಯೂಕ್ಲಿಯಸ್, ಪಕ್ಕದಲ್ಲಿ ಕಡ್ಡಿಯಂಥ ಇನ್ನೊಂದು ಗುರುತು. ಆ ಕಡ್ಡಿ ಕಾಣದಿದ್ದರೆ ಫಂಗಸ್ ಅಂತ ಮೋಸಹೋಗೋದು ಸುಲಭ. 1885ರಲ್ಲಿ ಕಲ್ಕತ್ತಾದಲ್ಲಿ ಕನ್ನಿಂಗ್‌ಹ್ಯಾಮ್ ‘ದಿಲ್ಲಿ ಹುಣ್ಣಿನ’ ಚೂರಿನಲ್ಲಿ ಈ ಜೀವಿಗಳನ್ನು ನೋಡಿದ್ದರು, ಏನು ಅಂತ ಸರಿಯಾಗಿ ತಿಳೀಲಿಲ್ಲ. ಇದೇ ಕುಲದ ಕಾಲಾ ಅಜಾರ್ ಜೀವಿಯನ್ನು 1903ರಲ್ಲಿ ಡೊನೊವನ್ ಗುರುತಿಸಿದ್ದು ನಮ್ಮ ರೈಲು ಹೋಗುವ ಮದ್ರಾಸಿನಲ್ಲಿ.

ಕಜ್ಜಿಗೆ ಬಯಾಪ್ಸಿ ಬೇಡ. ಚರ್ಮ ಕೆರೆದು ಒಂದು ಹನಿ ಎಣ್ಣೆಯಲ್ಲಿ ನೋಡಿದರೆ ಸಾಕು. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ನಾಯಿಯಿಂದ ಸೊಳ್ಳೆ ತರುವ ಡೈರೋಫಿಲೇರಿಯಾ ಅನ್ನೋ ದಾರದಂಥ ಹುಳುವೂ ಕಣ್ಣಲ್ಲಿ, ಚರ್ಮದಡಿ ಸಿಗುತ್ತೆ. ಅದರ ಕತೆ ಬೇರೆ.

ನಿಮಗೆ ಗಂಟಿದ್ದರೆ ಏನು ಮಾಡಬೇಕು? ಮೊದಲು ಅಲ್ಟ್ರಾಸೌಂಡ್, ಎಫ್‌ಎನ್‌ಎಸಿ. ಹುಳು ಅಂತ ಬಂದರೆ ಮೆಡಿಕಲ್ ಶಾಪಿನಿಂದ ಜಂತುಹುಳು ಮಾತ್ರೆ ತಂದು ನೀವೇ ನುಂಗಬೇಡಿ. ಇದೊಂದನ್ನು ಗಟ್ಟಿಯಾಗಿ ಹೇಳ್ತೀನಿ. ಕಣ್ಣಿನಲ್ಲೋ ಮೆದುಳಿನಲ್ಲೋ ಮರಿ ಇದ್ದು, ಮಾತ್ರೆಗೆ ಅದು ಸತ್ತರೆ ಸುತ್ತ ಊತ ಬಂದು ದೃಷ್ಟಿ ಹೋಗಬಹುದು, ಫಿಟ್ಸ್ ಬರಬಹುದು. ಮೊದಲು ಕಣ್ಣು ಪರೀಕ್ಷೆ, ತಲೆ ಸ್ಕ್ಯಾನ್, ಆಮೇಲೆ ಔಷಧಿ, ಬೇಕಾದರೆ ಊತ ತಗ್ಗಿಸುವ ಸ್ಟೆರಾಯ್ಡ್ ಜೊತೆಗೆ. ಹಾಗಂತ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಬೇಡ ಅನ್ನಬೇಡಿ. ಅದು ಕರುಳಿನ ಹುಳುಗಳಿಗೆ ಕೊಡುವ ಒಂದೇ ಡೋಸು.

ರಿಪೋರ್ಟ್ ಮೇಲೆ ಅನುಮಾನ ಇದ್ದರೆ ಲ್ಯಾಬಿನಲ್ಲಿ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೀರಿ. ಬ್ಲಾಕ್ ವರ್ಷಗಟ್ಟಲೆ ಕೆಡಲ್ಲ. ಟಮಕದ ಮೆಡಿಕಲ್ ಕಾಲೇಜಿಗೋ ಬೆಂಗಳೂರಿಗೋ ಒಯ್ದು ತೋರಿಸಬಹುದು. ಅಲ್ಲಿ ಇನ್ನಷ್ಟು ಆಳಕ್ಕೆ ಕೊಯ್ದು ನೋಡ್ತಾರೆ.